ಒಣಗದ ಗಂಧ

ತುಮಕೂರಿನಿಂದ ಹೆಬ್ಬೂರಿಗೆ ಹೋಗುವ ಕುಣಿಗಲ್ ರಸ್ತೆಯಲ್ಲಿ ಗೂಳೂರು ಸಿಗುತ್ತದೆ. ಅಲ್ಲಿಗೆ ಹತ್ತಿರದ ಕೈದಾಳವೇ ಶಿಲ್ಪಿ ಜಕಣಾಚಾರಿಯ ಊರೆನ್ನುತ್ತದೆ ಐತಿಹ್ಯ. ಬೇಲೂರಿನಲ್ಲಿ ಅವನು ಕಡೆದ ಚೆನ್ನಿಗರಾಯನ ಮೂರ್ತಿಯಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದ. ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದ ಶಿಲ್ಪಿ. ಮೂರ್ತಿಗೆ ಗಂಧ ಬಳಿದರು. ಮೈಯೆಲ್ಲ ಒಣಗಿತು, ಹೊಕ್ಕುಳ ಸುತ್ತ ಮಾತ್ರ ಹಸಿ ಹಸಿಯಾಗೇ ಉಳಿಯಿತು. ಉಳಿ ಇಟ್ಟರೆ ನೀರು ಚಿಮ್ಮಿ ಕಪ್ಪೆಯೊಂದು ಹೊರಬಂತು. ಆ ಹುಡುಗ ಅವನ ಮಗನೇ, ಡಂಕಣ.

ಒಣಗದ ಮೈ ಏನನ್ನು ಹೇಳುತ್ತದೆ?

ಫೈಬರ್ ಮೂರ್ತಿ, ತೊಟ್ಟಿ ಮಾಡುವವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡನರ್ ಬೆರೆಸಿ ಬಳಿದರೆ ಒಳಗೆ ಕಲ್ಲಿನಂತೆ ಗಟ್ಟಿಯಾದರೂ ಮೇಲೆ ಬೆರಳಿಗೆ ಅಂಟುತ್ತದೆ. ಗಾಳಿಯ ಆಮ್ಲಜನಕ ಮೇಲ್ಪದರದಲ್ಲಿ ಅಣುಗಳು ಹೆಣೆದುಕೊಳ್ಳುವುದನ್ನು ತಡೆಯುವುದೇ ಇದಕ್ಕೆ ಕಾರಣ. ಅದಕ್ಕೇ ಸ್ಟೈರೀನ್‌ನಲ್ಲಿ ಕರಗಿಸಿದ ಪ್ಯಾರಾಫಿನ್ ಮೇಣವನ್ನು ಕೊನೆಯ ಪದರಕ್ಕೆ ಸ್ವಲ್ಪ ಸೇರಿಸುತ್ತಾರೆ. ಮೇಣ ತೇಲಿಬಂದು ಗಾಳಿಗೆ ಅಡ್ಡನಿಲ್ಲುತ್ತದೆ, ಮೈ ಒಣಗುತ್ತದೆ. ಈ ದ್ರಾವಣವನ್ನು ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಸ್ಟೈರೀನ್ ಆವಿಗೆ ಥಟ್ಟನೆ ಬೆಂಕಿ ಹತ್ತಿಕೊಳ್ಳುವುದರಿಂದ ಅದು ಒಲೆಯ ಬಳಿ ಮಾಡುವ ಕೆಲಸವಲ್ಲ.

ಆದರೆ ಅಂಟಿಗೆ ಕಾರಣ ಒಂದೇ ಅಲ್ಲ. ಹಾರ್ಡನರ್ ಕಡಿಮೆಯಾಗಿದ್ದರೂ, ಚಳಿ ಹೆಚ್ಚಿದ್ದರೂ ರೆಸಿನ್ ಅಂಟುತ್ತದೆ. ಆಗ ಒಳಗೂ ಮೆತ್ತಗೇ ಇರುತ್ತದೆ. ಅಂಥದಕ್ಕೆ ಮೇಣ ಹಾಕಿದರೆ ದೋಷ ಮುಚ್ಚಿಹೋಗುತ್ತದೆ, ಪದಾರ್ಥ ಗಟ್ಟಿಯಾಗುವುದಿಲ್ಲ.

ಇಂಥ ತಪ್ಪು ಊಹೆಗೆ ತರ್ಕಶಾಸ್ತ್ರದಲ್ಲಿ ಹೆಸರಿದೆ. ಗೌತಮನ ನ್ಯಾಯಸೂತ್ರ ಐದು ಬಗೆಯ ಹೇತ್ವಾಭಾಸಗಳನ್ನು, ಎಂದರೆ ಹುಸಿ ಕಾರಣಗಳನ್ನು, ಹೇಳುತ್ತದೆ. ಮೊದಲನೆಯದು ಸವ್ಯಭಿಚಾರ: ಒಂದೇ ಗುರುತು ಎರಡು ಕಡೆಗೂ ಹೊರಳುವುದು. ಹೊಗೆ ಕಂಡಲ್ಲಿ ಬೆಂಕಿ ಎನ್ನಬಹುದು. ಅಂಟು ಕಂಡಲ್ಲೆಲ್ಲ ಗಾಳಿಯ ಕಾಟ ಎನ್ನಲಾಗದು. ಗಂಧದ ಹಸಿಯೂ ಹಾಗೆಯೇ. ಅಲ್ಲಿ ಲೇಪ ದಪ್ಪವಾಗಿದ್ದಿರಲೂಬಹುದಿತ್ತು. ಡಂಕಣನ ಹೆಚ್ಚುಗಾರಿಕೆ ಇರುವುದು ಇಲ್ಲೇ: ಹಸಿಯನ್ನು ತೋರಿಸಿ ಅವನು ಗೆದ್ದೆನೆನ್ನಲಿಲ್ಲ, ಉಳಿ ಇಡುವವರೆಗೂ ಹೋದ. ಹೊರಗಿನ ಗುರುತಿನಿಂದ ಒಳಗನ್ನು ತಿಳಿಯುವುದು ಹೇಗೆ ಎಂಬ ದರ್ಶನಗಳ ಹಳೆಯ ಜಿಜ್ಞಾಸೆಗೆ ಇಷ್ಟು ಕಣ್ಣಿಗೆ ಕಟ್ಟುವ ಕಥೆ ಕನ್ನಡದಲ್ಲಿ ಇನ್ನೊಂದು ಸಿಗುವುದು ಕಷ್ಟ. ಹೋಲಿಸಿದರೆ ಕೈ ಕತ್ತರಿಸುವ ಪಂತ ವ್ಯರ್ಥ. ಅದು ಸತ್ಯಕ್ಕೆ ಏನನ್ನೂ ಸೇರಿಸಲಿಲ್ಲ, ಒಬ್ಬ ಕುಶಲಿಯ ಕೈ ಕಳೆಯಿತು.

ಕೈದಾಳದಲ್ಲಿ ಕೇಶವನಿಗೆ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂತಂತೆ. ಅಲ್ಲಿನ ಶಾಸನಕ್ಕೆ ಈ ಕಥೆ ಗೊತ್ತಿಲ್ಲ. ಅದು ಹೇಳುವುದು 1150ರ ಸುಮಾರಿಗೆ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಗುಡಿ ಕಟ್ಟಿಸಿದ ಸಾಮಂತ ಬಾಚಿಯ ಹೆಸರನ್ನು. ಜನ ಮಾತ್ರ ಆ ದೋಷವನ್ನು ಮುಚ್ಚಿಡಲಿಲ್ಲ. ರಾಣಿ ಶಾಂತಲೆ ಬೇಲೂರಿನಲ್ಲಿ ಕಟ್ಟಿಸಿದ ಗುಡಿಯ ದೇವರನ್ನು ಇಂದಿಗೂ ಕಪ್ಪೆ ಚೆನ್ನಿಗರಾಯ ಎಂದೇ ಕರೆಯುತ್ತಾರೆ.