ಕಾಲಯಾನಿಯ ಬೆನ್ನಿಗಿರುವ ನೆನಪು

ಎಚ್.ಜಿ. ವೆಲ್ಸ್ 1895ರಲ್ಲಿ ‘ದಿ ಟೈಮ್ ಮಷೀನ್’ ಬರೆದ ಮೇಲೆ ಕಾಲಯಾನದ ಕಾದಂಬರಿಗಳಿಗೆ ಬರವಿಲ್ಲ. ಹಿಂದಕ್ಕೆ ಹೋದವರು ನಡೆದದ್ದನ್ನು ಬದಲಿಸಬಲ್ಲರೇ ಎಂಬುದೇ ಅಲ್ಲಿ ಹೆಚ್ಚಾಗಿ ಚರ್ಚೆಯಾಗುವ ಪ್ರಶ್ನೆ. ಅದಕ್ಕಿಂತ ಮೊದಲಿನದು ಇನ್ನೊಂದಿದೆ: ಹಾಗೆ ಹೋದವರಿಗೆ ದಕ್ಕುವುದೇನು?

ನ್ಯಾಯದರ್ಶನ ಜ್ಞಾನವನ್ನು ಅನುಭವ, ಸ್ಮೃತಿ ಎಂದು ಎರಡಾಗಿ ವಿಂಗಡಿಸುತ್ತದೆ. ಅನುಭವ ನಮ್ಮೊಳಗೆ ಸಂಸ್ಕಾರವನ್ನು ಉಳಿಸುತ್ತದೆ. ಆ ಸಂಸ್ಕಾರವೊಂದರಿಂದಲೇ ಹುಟ್ಟುವುದು ಸ್ಮೃತಿ. ಸ್ಮೃತಿಯನ್ನು ಮತ್ತೆ ಅನುಭವವಾಗಿಸಿಕೊಳ್ಳುವ ಹಂಬಲವೇ ಕಾಲಯಾನದ ಕಥೆಗಳ ಬೇರು.

ಕಾರವಾರವನ್ನೇ ನೋಡೋಣ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ರವೀಂದ್ರನಾಥ ಟ್ಯಾಗೋರರು ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಅಳಿವೆಯ ಬಳಿ ಇಳಿದು, ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ‘ಜೀವನಸ್ಮೃತಿ’ಯಲ್ಲಿ ಬರೆದಿದ್ದಾರೆ. ಆ ಪುಸ್ತಕ ಹೊರಬಂದದ್ದು 1912ರಲ್ಲಿ. ನೆನಪು ಚಿತ್ರ ಬರೆಯುತ್ತದೆ, ಇತಿಹಾಸವನ್ನಲ್ಲ ಎಂಬ ನಿಲುವಿನಿಂದಲೇ ಅದು ಆರಂಭವಾಗುತ್ತದೆ. ಯಂತ್ರ ನಮ್ಮನ್ನು ಆ ರಾತ್ರಿಗೆ ಒಯ್ದರೆ ದೋಣಿ ಕಂಡೀತು, ಮರಳು ಕಂಡೀತು. ದಶಕಗಳ ಕಾಲ ಅವರೊಳಗೆ ಮಾಗಿದ ರಾತ್ರಿ ಮಾತ್ರ ಕಾಣದು.

ಅಂಕೋಲೆಯ ಪ್ರಶ್ನೆ ಇನ್ನೂ ಕಠಿಣ. 1930ರ ಏಪ್ರಿಲ್‌ನಲ್ಲಿ ಇಲ್ಲಿನ ಜನ ಉಪ್ಪಿನ ಕಾನೂನು ಮುರಿದರು. ಮುಂದೆ ಕರನಿರಾಕರಣೆಯಲ್ಲಿ ರೈತರು ಜಮೀನು ಕಳೆದುಕೊಂಡರು. ಊರಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂತು. ನಾವು ಅಂದಿಗೆ ಹೋಗಿ ಅವರ ಪಕ್ಕದಲ್ಲೇ ನಿಂತು ಉಪ್ಪು ಹಿಡಿದರೂ, 1947 ನಮ್ಮ ನೆನಪಿನಲ್ಲಿರುತ್ತದೆ. ಅವರಿಗೆ ಅದು ಗೊತ್ತಿರಲಿಲ್ಲ. ಹೊಲ ಮರಳಿ ಬರುತ್ತದೆಂಬ ಭರವಸೆ ಇರಲಿಲ್ಲ. ಅವರ ಧೈರ್ಯದ ತೂಕವಿರುವುದು ಅಲ್ಲೇ. ನಮ್ಮ ನೆನಪೇ ನಮಗೂ ಅವರ ಅನುಭವಕ್ಕೂ ನಡುವಿನ ಗೋಡೆ.

ನೆನಪನ್ನು ಇಲ್ಲೇ ಬಿಟ್ಟು ಹೋದರೆ? ಒಬ್ಬ ವ್ಯಕ್ತಿ ಅಂದೂ ಇಂದೂ ಅದೇ ವ್ಯಕ್ತಿಯಾಗಿ ಉಳಿಯುವುದು ನೆನಪಿನ ಎಳೆಯಿಂದ ಎಂದು ಜಾನ್ ಲಾಕ್ ವಾದಿಸಿದ. ಆ ಎಳೆ ಕಡಿದರೆ ಅಲ್ಲಿಗೆ ಹೋದದ್ದು ನಾವೇ ಎನ್ನಲು ಆಧಾರವಿಲ್ಲ.

ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಈ ಇಕ್ಕಟ್ಟನ್ನು ನೇರವಾಗಿ ಎದುರಿಸುತ್ತದೆ. 1976ರ ಕಪ್ಪು ಮಹಿಳೆ ಡೇನಾ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಸೆಳೆಯಲ್ಪಡುತ್ತಾಳೆ. ಚಾಟಿಯೇಟು ಅವಳಿಗೂ ಬೀಳುತ್ತದೆ. ಆದರೆ ಬೇರೊಂದು ಕಾಲವಿದೆ ಎಂದು ಅವಳು ಬಲ್ಲಳು. ಅಲ್ಲಿನ ಗುಲಾಮರಿಗೆ ಅಂಥ ಕಾಲವೇ ಗೊತ್ತಿಲ್ಲ.

ಒಳ್ಳೆಯ ಕಾಲಯಾನದ ಕಾದಂಬರಿ ಈ ಅಂತರವನ್ನು ಮರೆಸುವುದಿಲ್ಲ, ತೋರಿಸುತ್ತದೆ. ಅಂಕೋಲೆಯವರು ಗೆಲ್ಲಲಿದ್ದ ಪಕ್ಷದಲ್ಲಿದ್ದರು ಎಂದು ಇಂದು ಓದುವುದು ಸುಲಭ. ಗೆಲುವು ಗೊತ್ತಿಲ್ಲದೆಯೇ ನಿಂತವರು ಎಂದು ಓದಿದರೆ ಮಾತ್ರ ಅವರಿಗೆ ನ್ಯಾಯ ಸಲ್ಲುತ್ತದೆ.