ಆಕಾಶ ಯಾರ ಪರ?

ಈ ಬ್ರಹ್ಮಾಂಡಕ್ಕೆ ಮನುಷ್ಯನ ಪರಿವೆಯೇ ಇಲ್ಲವೆಂದ ಮೇಲೆ ಮನುಷ್ಯನ ಬದುಕಿಗೆ ಏನರ್ಥ? ಈ ಪ್ರಶ್ನೆ ಎತ್ತಿದ ಕೂಡಲೇ ನಮ್ಮ ಗೆಳೆಯರಲ್ಲಿ ಕೆಲವರು ಸಿಡುಕುತ್ತಾರೆ. 'ಇದು ಹೊಟ್ಟೆ ತುಂಬಿದವರ ಪ್ರಶ್ನೆ. ಭೂಮಿಯಿಲ್ಲ, ಸರಿಯಾದ ಕೂಲಿಯಿಲ್ಲ, ಇಂಥಾದ್ರಲ್ಲಿ ನಕ್ಷತ್ರಗಳ ಮಾತು ಯಾಕೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ?' ಅಂತ ಕೇಳುತ್ತಾರೆ. ಅವರ ಸಿಟ್ಟಿಗೆ ಕಾರಣವಿದೆ. ಅಸಂಗತ, ಶೂನ್ಯ, ಪರಕೀಯತೆ ಎಂಬ ಮಾತುಗಳನ್ನು ಕನ್ನಡದಲ್ಲಿ ಒಂದು ಕಾಲಕ್ಕೆ ಬಹಳ ಜಗಿದರು. ಹಾಗೆ ಜಗಿಯುವಾಗ ಕೇರಿಯ ನೆನಪು ಅವರಲ್ಲಿ ಬಹಳ ಮಂದಿಗೆ ಬರಲಿಲ್ಲ. ಆದರೂ ಈ ಪ್ರಶ್ನೆಯನ್ನು ಅವರಿಗೇ ಬಿಟ್ಟುಕೊಡಲು ನಾವು ತಯಾರಿಲ್ಲ. ಹಸಿದವನು ಅನ್ನದ ಬಗ್ಗೆ ಮಾತ್ರ ಯೋಚಿಸಲಿ, ಆಕಾಶದ ಬಗ್ಗೆ ಇನ್ನೊಬ್ಬರು ಯೋಚಿಸುತ್ತಾರೆ ಎನ್ನುವುದೂ ಒಂದು ವರ್ಣವ್ಯವಸ್ಥೆಯೇ.

ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿ 17ರಂದು ಪ್ರಾಣ ಕಳೆದುಕೊಂಡ. ಹಾಸ್ಟೆಲಿನಿಂದ ಹೊರಹಾಕಿದ್ದ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಐವರಲ್ಲಿ ಅವನೂ ಒಬ್ಬ. ಕಾರ್ಲ್ ಸಾಗನ್‌ನಂತೆ ವಿಜ್ಞಾನದ ಲೇಖಕನಾಗಬೇಕೆಂಬ ಆಸೆ ಅವನು ಬಿಟ್ಟುಹೋದ ಪತ್ರದಲ್ಲಿದೆ. ನಕ್ಷತ್ರದ ಧೂಳಿನಿಂದಾದ ಮನುಷ್ಯನನ್ನು ಬರೀ ಒಂದು ಗುರುತಿಗೆ, ಒಂದು ಓಟಿಗೆ ಇಳಿಸಿಬಿಟ್ಟಿದ್ದಾರೆಂಬ ನೋವೂ ಅದರಲ್ಲಿದೆ. ಅವನ ಸಾವನ್ನು ನಾವು ಯಾರಿಗೂ ದಾರಿಯೆಂದು ತೋರಿಸುವುದಿಲ್ಲ. ನಮಗೆ ಅವನು ಬದುಕಿರಬೇಕಿತ್ತು. ಆದರೆ ಅವನ ಆಸೆ ನಮ್ಮ ಆಸ್ತಿ. ನಕ್ಷತ್ರಗಳ ಬಗ್ಗೆ ಬರೆಯಬೇಕೆಂದ ಹುಡುಗ ನಮ್ಮವನಾದ ಮೇಲೆ ಈ ಪ್ರಶ್ನೆಯೂ ನಮ್ಮದೇ.

ಮೊದಲು ವಿಜ್ಞಾನ ಹೇಳುವುದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳೋಣ. ಈ ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸು. ಭೂಮಿಗೆ ಸುಮಾರು 450 ಕೋಟಿ. ನಮ್ಮಂಥ ಮನುಷ್ಯರು ಬಂದು ಸುಮಾರು 3 ಲಕ್ಷ ವರ್ಷ. ನಮ್ಮ ಸೂರ್ಯನಿರುವ ಆಕಾಶಗಂಗೆ ಒಂದರಲ್ಲೇ ಕಡಿಮೆ ಅಂದರೂ 10 ಸಾವಿರ ಕೋಟಿ ನಕ್ಷತ್ರಗಳಿವೆ. 1977ರಲ್ಲಿ ಹಾರಿಸಿದ ವಾಯೇಜರ್-1 ನೌಕೆ 1990ರ ಫೆಬ್ರವರಿ 14ರಂದು ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂದಿರುಗಿ ನೋಡಿ ಭೂಮಿಯ ಚಿತ್ರ ತೆಗೆಯಿತು. ಹಾಗೆ ತೆಗೆಸಲೇಬೇಕೆಂದು ಪಟ್ಟುಹಿಡಿದಿದ್ದವನು ಇದೇ ಸಾಗನ್. ಆ ಚಿತ್ರದಲ್ಲಿ ಭೂಮಿ ಒಂದು ಮಸುಕು ಚುಕ್ಕೆ. ಅದರಲ್ಲಿ ಅಗ್ರಹಾರ ಎಲ್ಲಿ, ಕೇರಿ ಎಲ್ಲಿ, ಹುಡುಕಿ ನೋಡಿ. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಸೂರ್ಯನ ಒಡಲಿನ ಇಂಧನ ತೀರಿ ಅವನು ಉಬ್ಬಿಕೊಳ್ಳುತ್ತಾನೆ. ಆ ಹೊತ್ತಿಗೆ ಇಲ್ಲಿ ಒಂದು ಹುಲ್ಲುಕಡ್ಡಿಯೂ ಉಳಿದಿರುವುದಿಲ್ಲ. ಮನುಷ್ಯನಿಗಾಗಿಯೇ ಇದೆಲ್ಲ ನಡೆಯುತ್ತಿದೆ ಎನ್ನಲು ಗುಲಗಂಜಿಯಷ್ಟೂ ಪುರಾವೆ ಸಿಕ್ಕಿಲ್ಲ.

ಯುರೋಪಿನ ಅನೇಕ ಲೇಖಕರಿಗೆ ಇದು ಮನೆ ಕುಸಿದಂಥ ಸುದ್ದಿ. ದೇವರು ಕಟ್ಟಿದ ಮನೆಯಲ್ಲಿ ತಮಗೊಂದು ಕೋಣೆಯಿದೆ ಎಂದು ನಂಬಿದ್ದವರು ಬೀದಿಗೆ ಬಿದ್ದರು. ಅವರ ಸಂಕಟ ಸುಳ್ಳಲ್ಲ. ನಾವು ಕೇಳುವುದಿಷ್ಟೆ: ಇಲ್ಲಿಯ ದೇವರ ಮನೆಯಲ್ಲಿ ನಮಗೆ ಕೋಣೆ ಎಲ್ಲಿತ್ತು ಸ್ವಾಮಿ? ನಮ್ಮ ಪಾಲಿಗೆ ಬಂದ ಬ್ರಹ್ಮಾಂಡ ಅರ್ಥವಿಲ್ಲದ ಬ್ರಹ್ಮಾಂಡವಾಗಿರಲಿಲ್ಲ. ಅದರ ತುಂಬ ಅರ್ಥವೇ ಅರ್ಥ. ಋಗ್ವೇದದ ಹತ್ತನೆಯ ಮಂಡಲದ ಪುರುಷಸೂಕ್ತದಲ್ಲಿ ಒಬ್ಬ ಆದಿಪುರುಷನ ಬಾಯಿ ಬ್ರಾಹ್ಮಣ, ಪಾದದಿಂದ ಶೂದ್ರ. ಅದೇ ದೇಹದ ಕಣ್ಣಿನಿಂದ ಸೂರ್ಯ, ಮನಸ್ಸಿನಿಂದ ಚಂದ್ರ. ಸೂರ್ಯ ಚಂದ್ರರಿರುವುದು ಎಷ್ಟು ಸಹಜವೋ ಶೂದ್ರ ಕಾಲ ಕೆಳಗಿರುವುದೂ ಅಷ್ಟೇ ಸಹಜ ಎಂದಾಯಿತು. ಪಂಚಮನಿಗೆ ಆ ದೇಹದಲ್ಲಿ ಪಾದವೂ ಸಿಗಲಿಲ್ಲ. ಆಮೇಲೆ ಕರ್ಮದ ಲೆಕ್ಕ ಬಂತು. ಯಾಕೆ ಹಸಿವು? ಹೋದ ಜನ್ಮದ ಪಾಪ. ಯಾಕೆ ಚಾಕರಿ? ಬರುವ ಜನ್ಮದ ಪುಣ್ಯ. ಎಲ್ಲಕ್ಕೂ ಉತ್ತರವಿತ್ತು. ಹಣೆಬರಹ ಅಂದರೆ ನಮ್ಮ ಹಣೆಯ ಮೇಲೆ ಇನ್ನೊಬ್ಬರು ಬರೆದ ಅರ್ಥ. ಅದನ್ನು ಓದಿಕೊಳ್ಳಲೂ ನಮಗೆ ಅಕ್ಷರ ಕೊಡಲಿಲ್ಲ.

ಮಹಾಡಿನ ಚವದಾರ್ ಕೆರೆಯನ್ನು ನೆನೆಯಿರಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಆ ಕೆರೆಗಿಳಿದು ಬೊಗಸೆ ನೀರು ಕುಡಿದರು. ನೀರು ಕೆಂಪಗಾಗಲಿಲ್ಲ, ಕೆಟ್ಟು ನಾರಲಿಲ್ಲ. ಯಾರ ಕೈ ತಾಗಿತೆಂದು ನೀರಿಗೆ ತಿಳಿಯಲೇ ಇಲ್ಲ. ತಿಳಿದದ್ದು ಮನುಷ್ಯರಿಗೆ. ಅವರು ಜನರನ್ನು ಬಡಿದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಆಗಲೂ ನೀರು ಸುಮ್ಮನೇ ಇತ್ತು. ಆ ಕೆರೆಯ ಹಕ್ಕಿಗಾಗಿ ಹೂಡಿದ ಮೊಕದ್ದಮೆ ಮುಂಬಯಿ ಹೈಕೋರ್ಟಿನಲ್ಲಿ ಗೆಲ್ಲುವಾಗ 1937 ಆಗಿತ್ತು. ಹತ್ತು ವರ್ಷ ಹೋರಾಡಬೇಕಾದದ್ದು ನೀರಿನ ಜೊತೆಗಲ್ಲ.

ಬ್ರಹ್ಮಾಂಡದ ಉದಾಸೀನ ಅಂದರೆ ಇದು. ನೀರಿಗೆ, ಗಾಳಿಗೆ, ಬೆಂಕಿಗೆ, ನಕ್ಷತ್ರಕ್ಕೆ ನಮ್ಮ ಮೇಲೆ ಪ್ರೀತಿಯಿಲ್ಲ, ದ್ವೇಷವೂ ಇಲ್ಲ. ಶತಮಾನಗಳ ಕಾಲ ಇಡೀ ಸೃಷ್ಟಿಯೇ ನಿಮ್ಮ ವಿರುದ್ಧ ಇದೆ ಎಂದು ಹೇಳಿಸಿಕೊಂಡವರಿಗೆ ಇದು ಶೋಕದ ಸುದ್ದಿ ಹೇಗಾದೀತು? ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಸರಿಸಿದಂತೆ ಅಲ್ಲವೇ?

ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮೂ 1942ರಲ್ಲಿ ಸಿಸಿಫಸ್ಸನ ಕಥೆ ಇಟ್ಟುಕೊಂಡು ಒಂದು ಪುಸ್ತಕ ಬರೆದ. ಗ್ರೀಕರ ಕಥೆಯ ಈ ಸಿಸಿಫಸ್ ಒಂದು ಬಂಡೆಯನ್ನು ಗುಡ್ಡದ ತುದಿಗೆ ಉರುಳಿಸುತ್ತಾನೆ, ಅದು ಕೆಳಗೆ ಬೀಳುತ್ತದೆ, ಮತ್ತೆ ಉರುಳಿಸುತ್ತಾನೆ, ಕೊನೆಯೆಂಬುದಿಲ್ಲ. ಮನುಷ್ಯನ ಬದುಕೇ ಹೀಗೆ, ಆದರೂ ಅವನನ್ನು ಸುಖಿಯೆಂದೇ ಭಾವಿಸಬೇಕು ಎಂಬುದು ಕಾಮೂ ತಲುಪುವ ತೀರ್ಮಾನ. ಇದನ್ನು ನಮ್ಮ ಜೀತದಾಳಿನ ಮುಂದೆ ಹೇಳಿ ನೋಡೋಣ. ಅಪ್ಪ ಮಾಡಿದ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ. ದುಡಿದಷ್ಟೂ ಬಡ್ಡಿ ಬೆಳೆಯುತ್ತದೆ. ಜೀತ ರದ್ದತಿಯ ಕಾನೂನು ಬಂದದ್ದು 1976ರಲ್ಲಿ. ಅದಕ್ಕೆ ಮುಂಚೆ ಅವನೂ ಬಂಡೆ ಉರುಳಿಸಿದವನೇ, ಆಮೇಲೂ ಎಷ್ಟೋ ಕಡೆ ಉರುಳಿಸಿದ. ಆದರೆ ಅವನ ಬಂಡೆಗೆ ಒಬ್ಬ ಒಡೆಯನಿದ್ದ. ಗುಡ್ಡಕ್ಕೆ ಪಹಣಿಯಿತ್ತು. ಅವನನ್ನು ಸುಖಿಯೆಂದು ಭಾವಿಸಿಕೊಳ್ಳುವುದರಿಂದ ಒಡೆಯನಿಗೆ ಬಹಳ ಅನುಕೂಲ.

ಅದೇ 1942ರಲ್ಲಿ ಬಂದ ಕಾಮೂವಿನ ಕಾದಂಬರಿ 'ಅಪರಿಚಿತ'ದಲ್ಲಿ ನಾಯಕ ಕಡಲ ದಂಡೆಯಲ್ಲಿ ಒಬ್ಬನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೊನೆಗೆ ಸೆರೆಮನೆಯಲ್ಲಿ ಆಕಾಶ ನೋಡುತ್ತಾ ಈ ಲೋಕದ ಉದಾಸೀನಕ್ಕೆ ಮನಸ್ಸು ತೆರೆದು ನೆಮ್ಮದಿ ಕಾಣುತ್ತಾನೆ. ಸತ್ತವನು ಯಾರು? ಒಬ್ಬ ಅರಬ. ಪುಸ್ತಕ ಮುಗಿದರೂ ಅವನಿಗೊಂದು ಹೆಸರಿಲ್ಲ. ಅಲ್ಜೀರಿಯಾದ ಲೇಖಕ ಕಮೆಲ್ ದಾವುದ್ 2013ರಲ್ಲಿ ಇನ್ನೊಂದು ಕಾದಂಬರಿ ಬರೆದು ಅವನಿಗೆ ಮೂಸಾ ಎಂದು ಹೆಸರಿಡಬೇಕಾಯಿತು. ಲೋಕದ ಉದಾಸೀನವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಪುಸ್ತಕಕ್ಕೆ ತನ್ನದೇ ಊರಿನ ಹೆಣದ ಹೆಸರು ಬೇಕಾಗಲಿಲ್ಲ. ಕಾಮೂವನ್ನು ಹಂಗಿಸಲು ನಾವಿದನ್ನು ಹೇಳುತ್ತಿಲ್ಲ. ಅವನು ಬಡವರ ಮನೆಯ ಮಗ. ತಾಯಿ ಅಕ್ಷರ ಬಾರದವಳು, ಬೇರೆಯವರ ಮನೆ ಕಸಮುಸುರೆ ಮಾಡಿ ಸಾಕಿದವಳು. 1951ರಲ್ಲಿ ಅವನೇ ಬಂಡಾಯದ ಮೇಲೆ ಒಂದು ದೊಡ್ಡ ಗ್ರಂಥ ಬರೆದು, ಒಬ್ಬ ಎದುರು ನಿಂತಾಗ 'ನಾವು' ಎಂಬುದು ಹುಟ್ಟುತ್ತದೆ ಎಂದು ವಾದಿಸಿದ. ಆ ಮಾತು ನಮಗೆ ಹತ್ತಿರ. ಆದರೆ 'ನಾವು' ಎಂದಾಗ ಲೆಕ್ಕಕ್ಕೆ ಬಾರದವರು ಯಾರು ಎಂದು ಅವನನ್ನೂ ಕೇಳುತ್ತೇವೆ, ನಮ್ಮನ್ನೂ ಕೇಳಿಕೊಳ್ಳುತ್ತೇವೆ. ನಮ್ಮ ಸಭೆಗಳಲ್ಲಿ ಹೆಂಗಸರ ಹೆಸರು ಎಷ್ಟು ಸಲ ಕೇಳಿಬರುತ್ತದೆ?

ಎರಡು ಉದಾಸೀನಗಳಿವೆ. ಅವನ್ನು ಬೆರೆಸಿ ಒಂದೇ ಎಂದು ತೋರಿಸುವುದೇ ಮೋಸ. ಮ್ಯಾನ್‌ಹೋಲಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗಾಳಿ ಕಟ್ಟಿಕೊಳ್ಳುತ್ತದೆ. ಇಳಿದವನು ಒಂದೆರಡು ಉಸಿರಿಗೇ ಎಚ್ಚರ ತಪ್ಪಬಹುದು. ಆ ಗಾಳಿಗೆ ಜಾತಿ ತಿಳಿಯದು, ಮಂತ್ರಿ ಇಳಿದರೂ ಕೊಲ್ಲುತ್ತದೆ. ಆದರೆ ಯಾರನ್ನು ಇಳಿಸಬೇಕೆಂದು ಗುತ್ತಿಗೆದಾರನಿಗೆ ತಿಳಿದಿದೆ. ಮಲ ಹೊರುವ ಪದ್ಧತಿಯ ಮೇಲೆ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಕಾನೂನು ಎರಡಾದರೂ ಸಾವು ನಿಂತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಗಾಳಿಯ ಉದಾಸೀನಕ್ಕೆ ಯಾರೂ ಹೊಣೆಯಲ್ಲ. ಎರಡನೆಯ ಉದಾಸೀನಕ್ಕೆ ಹೆಸರು, ವಿಳಾಸ, ಸಂಬಳದ ಚೀಟಿ ಎಲ್ಲ ಇದೆ. 'ಬದುಕೇ ಹೀಗೆ, ಲೋಕವೇ ಹೀಗೆ' ಎಂದು ನಿಟ್ಟುಸಿರು ಬಿಡುವ ತತ್ವಜ್ಞಾನಿ ಎರಡನೆಯದನ್ನು ಮೊದಲನೆಯದರ ಹಿಂದೆ ಅಡಗಿಸುತ್ತಾನೆ.

ಇಷ್ಟಾದರೂ ಎರಡು ಕಷ್ಟದ ಪ್ರಶ್ನೆಗಳು ಉಳಿಯುತ್ತವೆ. ಅವನ್ನು ಹಾರಿಸಿ ಹೋಗುವುದು ಅಪ್ರಾಮಾಣಿಕತೆ.

ಮೊದಲನೆಯದು ನಮ್ಮ ಅಜ್ಜಿಯರದು. 'ಇಲ್ಲಿ ನ್ಯಾಯ ಸಿಗದಿದ್ರೆ ಏನಾತು, ಮ್ಯಾಲೊಬ್ಬ ನೋಡ್ತಾ ಇರ್ತಾನೆ' ಅನ್ನುತ್ತಾರೆ ಅವರು. ಮೇಲೆ ಯಾರೂ ಇಲ್ಲವೆಂದು ನಾವು ಭಾಷಣ ಬಿಗಿದರೆ ಅವರ ಕೈಯಲ್ಲಿದ್ದ ಕೊನೆಯ ಕೋಲನ್ನೂ ಕಿತ್ತುಕೊಂಡಂತೆ ಆಗುವುದಿಲ್ಲವೇ? ಆಗುತ್ತದೆ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಏಳು ಜೀವಗಳ ಲೆಕ್ಕವನ್ನು ಯಾವ ನಕ್ಷತ್ರವೂ ಇಟ್ಟಿಲ್ಲ. ಸತ್ತವರಿಗೆ ಮುಂದೆ ಎಲ್ಲೋ ಸಮಾಧಾನ ಸಿಗುತ್ತದೆಂದು ಸುಳ್ಳು ಹೇಳಲು ನಮಗೆ ಬಾಯಿ ಬರುವುದಿಲ್ಲ. ಈ ನಷ್ಟ ತುಂಬುವಂಥದ್ದಲ್ಲ, ಇದನ್ನು ನಾವು ಹೊತ್ತೇ ನಡೆಯಬೇಕು. ಆದರೆ ಮೇಲೊಬ್ಬ ನೋಡಿಕೊಳ್ಳುತ್ತಾನೆ ಎಂಬ ನಂಬಿಕೆಯಿಂದ ಕೆಳಗೆ ಯಾರು ನಿಶ್ಚಿಂತರಾಗಿದ್ದರು ಎಂಬುದನ್ನೂ ನೋಡಬೇಕು. ಮೇಲೆ ದಫ್ತರ ಇಡುವವನು ಇಲ್ಲವೆಂದರೆ ಆ ದಫ್ತರ ಇಡುವ ಕೆಲಸ ನಮ್ಮದಾಗುತ್ತದೆ. ಏಳು ಮಂದಿ ಎಂದು ಎಣಿಸುವುದು, ತಾರೀಕು ಮರೆಯದಿರುವುದು, ಹೆದರಿದ ಸಾಕ್ಷಿಯ ಮನೆಗೆ ಹೋಗಿ ಜೊತೆಗೆ ಕೂರುವುದು. ಅಜ್ಜಿಯ ಕೋಲನ್ನು ಹಂಗಿಸುವ ವಿಚಾರವಾದಿ ಮೊದಲು ತನ್ನ ಹೆಗಲು ಕೊಡಲಿ.

ಎರಡನೆಯ ಪ್ರಶ್ನೆ ಇನ್ನೂ ಹರಿತವಾದದ್ದು. ಅರ್ಥವೆಂಬುದು ಆಕಾಶದಿಂದ ಇಳಿಯುವುದಿಲ್ಲ, ಮನುಷ್ಯರೇ ಮಾಡಿಕೊಳ್ಳುವಂಥದ್ದು ಎಂದಾದರೆ, ಮನುವೂ ಮನುಷ್ಯನೇ ಅಲ್ಲವೇ? ಅವನೂ ಒಂದು ಅರ್ಥ ಮಾಡಿದ. ನಿಮ್ಮ ಸಮಾನತೆ ಅವನ ಅಸಮಾನತೆಗಿಂತ ಹೇಗೆ ಮೇಲು? ಬ್ರಹ್ಮಾಂಡಕ್ಕೆ ಎರಡೂ ಒಂದೇ ತಾನೇ?

ಹೌದು, ಬ್ರಹ್ಮಾಂಡಕ್ಕೆ ಎರಡೂ ಒಂದೇ. ಆದರೆ ಒಂದು ವ್ಯತ್ಯಾಸ ಗಮನಿಸಿ. ಅಸಮಾನತೆಗೆ ಯಾವಾಗಲೂ ಆಕಾಶದ ರುಜು ಬೇಕಾಯಿತು. ಬ್ರಹ್ಮನ ದೇಹ ಬೇಕಾಯಿತು, ಹಿಂದಿನ ಜನ್ಮ ಬೇಕಾಯಿತು, ಗ್ರಹಗತಿ ಬೇಕಾಯಿತು. ಯಾಕೆ? 'ನೀನು ಕೀಳು, ನಿನ್ನ ಮಗುವೂ ಕೀಳು' ಎಂಬ ಮಾತನ್ನು ಎದುರಿಗೆ ನಿಂತವನ ಕಣ್ಣು ನೋಡಿ ಹೇಳಿ ಅವನನ್ನು ಒಪ್ಪಿಸಲು ಆಗುವುದಿಲ್ಲ. ಒಂದೋ ಬಡಿಗೆ ಬೇಕು, ಇಲ್ಲ ದೇವರು ಬೇಕು. ಹಸಿದವನಿಗೆ ಊಟ ಬೇಕು, ಹೊಡೆದರೆ ನೋಯುತ್ತದೆ, ಮಗು ಸತ್ತರೆ ಕರುಳು ಕಿತ್ತುಬರುತ್ತದೆ ಎಂಬುದಕ್ಕೆ ಯಾವ ಸೂಕ್ತದ ಆಧಾರವೂ ಬೇಡ. ಯಾವ ಅರ್ಥವನ್ನು ಅದರ ಭಾರ ಹೊರುವವನ ಮುಂದೆಯೇ ಬಿಡಿಸಿ ಹೇಳಬಹುದೋ, ಬೇಡವೆನ್ನುವ ಹಕ್ಕು ಅವನಿಗೆ ಇದ್ದಾಗಲೂ ಯಾವುದು ನಿಲ್ಲುತ್ತದೋ, ಅದು ಮನುಷ್ಯರ ಅರ್ಥ. ಮನುವಿನದು ಈ ಪರೀಕ್ಷೆಗೆ ಯಾವತ್ತೂ ಕೂರಲಿಲ್ಲ. 1927ರ ಡಿಸೆಂಬರ್ 25ರಂದು ಅದೇ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟಾಗ ಭಾರ ಹೊತ್ತವರು ಬಹಿರಂಗವಾಗಿ ಫಲಿತಾಂಶ ಓದಿ ಹೇಳಿದರು, ಅಷ್ಟೆ.

ಬುದ್ಧನ ಬಳಿ ಮಾಲುಂಕ್ಯಪುತ್ತ ಎಂಬ ಭಿಕ್ಷು ಇಂಥದೇ ಪ್ರಶ್ನೆ ತಂದ. ಲೋಕ ಶಾಶ್ವತವೋ ಅಲ್ಲವೋ, ಅದಕ್ಕೆ ಕೊನೆಯಿದೆಯೋ ಇಲ್ಲವೋ ಹೇಳು, ಇಲ್ಲದಿದ್ದರೆ ಸಂಘ ಬಿಟ್ಟುಹೋಗುತ್ತೇನೆ ಎಂದ. ವಿಷದ ಬಾಣ ನೆಟ್ಟವನು, ಬಾಣ ಬಿಟ್ಟವನ ಕುಲ ಯಾವುದು, ಊರು ಯಾವುದು ಎಂದು ತಿಳಿಯುವವರೆಗೆ ಕೀಳಗೊಡುವುದಿಲ್ಲ ಎಂದರೆ ಸತ್ತೇಹೋಗುತ್ತಾನೆ ಎಂದು ಬುದ್ಧ ಉತ್ತರಿಸಿದ. ನಾವು ಇದಕ್ಕೊಂದು ಮಾತು ಸೇರಿಸುತ್ತೇವೆ. ಬಾಣ ಕೀಳುವುದು ಮೊದಲು, ನಿಜ. ಆದರೆ ಕಿತ್ತ ಮೇಲೆ ಬಿಟ್ಟವನು ಯಾರೆಂದು ಕೇಳದಿದ್ದರೆ ಮತ್ತೊಂದು ಬಾಣ ಬರುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದ ಅಂಬೇಡ್ಕರ್ ಎರಡನ್ನೂ ಮಾಡಿದರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದ ಬುದ್ಧನ ಕುರಿತ ಗ್ರಂಥದಲ್ಲಿ, ಹಿಂದಿನ ಜನ್ಮದ ಕರ್ಮ ಈ ಜನ್ಮವನ್ನು ಗೊತ್ತುಮಾಡುತ್ತದೆಂಬ ವಾದವನ್ನು ತಳ್ಳಿಹಾಕಿದರು. ಧಮ್ಮವೆಂದರೆ ಮನುಷ್ಯನಿಗೂ ಮನುಷ್ಯನಿಗೂ ನಡುವೆ ಇರುವ ನ್ಯಾಯದ ನಡತೆ ಎಂಬುದು ಅವರ ನಿಲುವು. ಆಕಾಶಕ್ಕೂ ಮನುಷ್ಯನಿಗೂ ನಡುವೆ ಹುಡುಕುತ್ತಿದ್ದುದನ್ನು ಅವರು ಕೇರಿಗೂ ಊರಿಗೂ ನಡುವೆ ತಂದಿಟ್ಟರು.

ಬದುಕಿಗೆ ಅರ್ಥವಿದೆಯೇ ಎಂದು ಕೇಳಿದರೆ ನಮ್ಮ ಉತ್ತರವೂ ಅಲ್ಲಿಯದೇ. ಒಂಟಿ ಮನುಷ್ಯ ರಾತ್ರಿ ಆಕಾಶ ನೋಡುತ್ತಾ ಕೂತರೆ ಅದು ಸಿಗುವುದಿಲ್ಲ. ನಮ್ಮ ಹೆಸರನ್ನು ಇನ್ನೊಬ್ಬರು ಮರ್ಯಾದೆಯಿಂದ ಕೂಗಿದಾಗ, ಇನ್ನೊಬ್ಬರ ಸಾವನ್ನು ನಾವು ಲೆಕ್ಕಕ್ಕೆ ಹಿಡಿದಾಗ ಅದು ಹುಟ್ಟುತ್ತದೆ, ಹಾಗೆ ಮಾಡುವುದನ್ನು ಬಿಟ್ಟ ದಿನ ಸಾಯುತ್ತದೆ. 500 ಕೋಟಿ ವರ್ಷದ ಮೇಲೆ ಅಳಿಯುತ್ತದೆ ಅಂತ ಇವತ್ತು ಸಂಜೆ ಕೊಡಬೇಕಾದ ಕೂಲಿಯನ್ನು ಯಾರೂ ಮನ್ನಾ ಮಾಡಿಸಿಕೊಳ್ಳುವ ಹಾಗಿಲ್ಲ.

ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಿಗೆ ಒಂದು ಮಾತು. ಮಕ್ಕಳಿಗೆ ನಕ್ಷತ್ರಗಳ ಪಾಠ ಮಾಡಿ. ನಮ್ಮ ರಕ್ತದಲ್ಲಿರುವ ಕಬ್ಬಿಣ ಎಂದೋ ಸತ್ತ ನಕ್ಷತ್ರಗಳ ಒಡಲಲ್ಲಿ ಆದದ್ದು, ಊರಿನವರದೂ ಅದೇ, ಕೇರಿಯವರದೂ ಅದೇ ಎಂದು ತಿಳಿಸಿ. ಆಮೇಲೆ ಗಂಟೆ ಹೊಡೆದಾಗ ಬಿಸಿಯೂಟದ ಸಾಲಿನ ಹತ್ತಿರ ಹೋಗಿ ನಿಂತುಕೊಳ್ಳಿ. ಯಾವ ಮಗುವನ್ನಾದರೂ ಬೇರೆ ಕೂರಿಸಿದ್ದರೆ ಕೈಹಿಡಿದು ತಂದು ಎಲ್ಲರ ನಡುವೆ ಕೂರಿಸಿ, ಪಕ್ಕದಲ್ಲಿ ನೀವೂ ತಟ್ಟೆ ಹಿಡಿದು ಕೂತುಕೊಳ್ಳಿ.