ಬೆಲ್ಲದ ಲೆಕ್ಕ

2006ರ ಮೇ ತಿಂಗಳ ಒಂದು ಸಂಜೆ ಸಿಕಂದರಾಬಾದಿನಲ್ಲಿ ಗೋದಾವರಿ ಎಕ್ಸ್‌ಪ್ರೆಸ್ ಹತ್ತಿದವನು ಮರುದಿನ ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ಇಳಿದೆ. ಆಗ ಎರಡೂ ಒಂದೇ ರಾಜ್ಯದ ಊರುಗಳು. 2014ರ ಜೂನ್‌ನಿಂದ ಅಲ್ಲ. ಹೈದರಾಬಾದಿನ ಬಿಸಿಲು ಸುಡುತ್ತದೆ, ಆದರೆ ಒಣ ಬಿಸಿಲು. ತಿಪಟೂರು ಕಡೆಯಿಂದ ಹೋದ ನನ್ನಂಥವನಿಗೆ ಅದರ ಸ್ವಭಾವ ಗೊತ್ತು. ವಿಶಾಖಪಟ್ಟಣದ್ದು ಬೇರೆಯೇ ಜಾತಿ. ಸ್ಟೇಷನ್ನಿನಿಂದ ಹೊರಗೆ ಬಂದು ಆಟೋದವನ ಹತ್ತಿರ ಚೌಕಾಸಿ ಮುಗಿಸುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಲ್ಲಿ ಗಾಳಿಯಲ್ಲೇ ನೀರಿದೆ. ಈ ಮಾತು ಆಮೇಲೆ ಬೇಕಾಗುತ್ತದೆ.

ಐದು ದಿನದ ಕೆಲಸ. ಬಂದರಿನ ಹತ್ತಿರ ಗೋದಾಮುಗಳನ್ನು ಇಟ್ಟುಕೊಂಡಿದ್ದ ಒಂದು ಖಾಸಗಿ ಕಂಪನಿ ನಮ್ಮ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ಕೊಂಡಿತ್ತು. ಅಲ್ಲಿನ 11 ಜನ ಗುಮಾಸ್ತರಿಗೆ ಅದನ್ನು ಕಲಿಸಿ ಬರಬೇಕು. ಹೋಗಬೇಕಾಗಿದ್ದ ತೆಲುಗು ಗೆಳೆಯನಿಗೆ ಅದೇ ವಾರ ಮದುವೆ. ನಮ್ಮ ತಂಡದಲ್ಲಿ ಉಳಿದವರು ತಮಿಳರು, ಒಡಿಯಾದವರು, ಒಬ್ಬ ದೆಹಲಿಯ ಹುಡುಗ. ಅಲ್ಲಿನ ಹಳೆಯ ಲೆಜರುಗಳೆಲ್ಲ ತೆಲುಗಿನಲ್ಲಿದ್ದವು, ಅವನ್ನು ಓದಬಲ್ಲವನು ನಾನೊಬ್ಬನೇ. ಹಾಗೆಂದು ನಾನು ತೆಲುಗು ಅಕ್ಷರವನ್ನು ಯಾರ ಹತ್ತಿರವೂ ಕಲಿತಿರಲಿಲ್ಲ. ಎರಡೂ ಒಂದೇ ಬೇರಿನ ಲಿಪಿಗಳು. ತಲೆಕಟ್ಟನ್ನು ನಾವು ಅಡ್ಡಗೆರೆಯ ಹಾಗೆ ಎಳೆದರೆ ಅವರು ಮೇಷ್ಟ್ರು ಸರಿ ಗುರುತು ಹಾಕಿದ ಹಾಗೆ ಎಳೆಯುತ್ತಾರೆ. ನಾಲ್ಕಾರು ಅಕ್ಷರಗಳಲ್ಲಿ ಎಡವಿದರೂ ಉಳಿದದ್ದು ಸಲೀಸು. ಅಂದರೆ ನನ್ನ ಕನ್ನಡವೇ ಅಲ್ಲಿ ಬೀಗದ ಕೈ ಆಯಿತು. ಆ ಕೈಯಿಂದ ಏನನ್ನು ತೆಗೆದೆ ಅನ್ನುವುದೇ ಈಗ ಹೇಳಹೊರಟಿರುವ ವಿಷಯ.

ಅಲ್ಲಿನ ಹಿರಿಯ ಗುಮಾಸ್ತರನ್ನು ಎಲ್ಲರೂ ‘ಪೆದ್ದಾಯನ’ ಎನ್ನುತ್ತಿದ್ದರು. ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡವರು. ಅದು ಗೊತ್ತಿದ್ದೂ ನನ್ನ ಕಿವಿ ಮೊದಲು ಕೇಳಿಸಿಕೊಂಡದ್ದು ನಮ್ಮ ಪೆದ್ದನನ್ನೇ, ಒಳಗೊಳಗೆ ನಕ್ಕೆ. ಕ್ಲಾಸಿನಲ್ಲಿ ಅವರನ್ನು ನೋಡಿದಾಗ ಆ ನಗು ಇನ್ನಷ್ಟು ಗಟ್ಟಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಮೌಸನ್ನು ಹಾವಿನ ಮರಿ ಹಿಡಿದ ಹಾಗೆ ಹಿಡಿಯುತ್ತಿದ್ದರು. ಒಂದು ಬೆರಳಿನಲ್ಲಿ ಟೈಪು. ಇಪ್ಪತ್ತೆರಡು ವರ್ಷದ ಹುಡುಗರು ಹತ್ತು ಎಂಟ್ರಿ ಮುಗಿಸುವಾಗ ಇವರದು ಒಂದು.

ಎರಡನೆಯ ದಿನ ಹಳೆಯ ಲೆಜರಿನ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದಾಗ ಬೆಲ್ಲದ ಸಾಲುಗಳೆಲ್ಲ ಕೆಂಪಾದವು. ಹತ್ತಿರದ ಅನಕಾಪಲ್ಲಿ ಬೆಲ್ಲದ ದೊಡ್ಡ ಮಾರುಕಟ್ಟೆ. ಅಲ್ಲಿಂದ ಬಂದ ಬೆಲ್ಲ ಈ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತು. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದು ಬರಬೇಕು, ನಮ್ಮ ಸಾಫ್ಟ್‌ವೇರಿಗೆ ಗೊತ್ತಿದ್ದದ್ದು ಅಷ್ಟೇ. ಬರಲಿಲ್ಲ ಅಂದರೆ ಅದರ ಪ್ರಕಾರ ಕಳ್ಳತನ. ನಾನು ‘ಲೆಜರು ತಪ್ಪಿದೆ’ ಅಂದೆ. ಹಿಂದಿನ ಬೆಂಚಿನಿಂದ ಪೆದ್ದಾಯನ ಎದ್ದು ನಿಂತು, ‘ಲೆಜರು ತಪ್ಪಿಲ್ಲ ಸಾರ್, ಬೆಲ್ಲ ಹಾಗೇನೇ’ ಅಂದರು.

ಅವತ್ತು ಸಂಜೆ ನನ್ನನ್ನು ಗೋದಾಮಿಗೆ ಕರೆದುಕೊಂಡು ಹೋದರು. ಮಳೆಗಾಲದ ಶುರುವಿನಲ್ಲಿ ಬೆಲ್ಲ ಗಾಳಿಯ ನೀರು ಕುಡಿದು ತೂಕ ಏರುತ್ತದೆ. ಅದನ್ನು ಲಾಭ ಅಂದುಕೊಂಡವನು ಕೆಟ್ಟ. ಆಮೇಲೆ ತಳದ ಸಾಲಿನಿಂದ ಪಾಕ ಸೋರುವುದಕ್ಕೆ ಹತ್ತುತ್ತದೆ. ಸಮುದ್ರದ ಕಡೆಯ ಗೋಡೆಗೆ ಒರಗಿದ ರಾಶಿಯ ಲೆಕ್ಕ ಬೇರೆ, ನಡುವಿನ ರಾಶಿಯ ಲೆಕ್ಕ ಬೇರೆ. ಹುಣಸೆಹಣ್ಣಿನದು ಉಲ್ಟಾ, ಬೇಸಿಗೆಯಲ್ಲಿ ಒಣಗಿ ಇಳಿಯುತ್ತದೆ. ಒಂದು ಮೂಟೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ, ಇನ್ನೆಷ್ಟು ದಿನ ತಡೆದೀತು ಅಂತ ಹೇಳಿದರು. ನನಗೆ ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಬ್ಬರಿ ಆಯಿತೋ ಇಲ್ಲವೋ ಹೇಳುತ್ತಿದ್ದ ನಮ್ಮ ಅಜ್ಜ ನೆನಪಾದರು. ಪೆದ್ದಾಯನ 31 ವರ್ಷ ಇದನ್ನೆಲ್ಲ ಲೆಜರಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ಯಾರೂ ಅದನ್ನು ಕೇಳಿರಲಿಲ್ಲ.

ನಾನು ಕೇಳಿದೆ. ಮೂರು ಸಂಜೆ ಕೂತು ಕೇಳಿದೆ. ತಿಂಗಳು, ಗೋದಾಮು, ಸಾಲು, ಎಷ್ಟಕ್ಕೆ ಎಷ್ಟು ಎಂದು ನನ್ನ ನೋಟ್‌ಬುಕ್ಕಿನಲ್ಲಿ ಒಂದು ಕೋಷ್ಟಕ ಆಯಿತು. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಆ ಅಂಕಿಗಳು ನನ್ನವಲ್ಲ. ಅವರಿಗೆ ಎಂಥ ಖುಷಿಯಾಗಿತ್ತು ಅಂದರೆ, ಮೂರನೆಯ ಸಂಜೆ ಮನೆಯಿಂದ ನನಗೆ ಪೆಸರಟ್ಟು ಕಟ್ಟಿಸಿಕೊಂಡು ಬಂದಿದ್ದರು.

ನಾಲ್ಕನೆಯ ದಿನ ಮ್ಯಾನೇಜರು ಒಳಗೆ ಕರೆದು, ‘ಯಾರು ಹೇಗೆ ಕಲಿತರು ಅಂತ ಒಂದು ಪಟ್ಟಿ ಮಾಡಿಕೊಡಿ. ಮುಂದೆ ಇಷ್ಟು ಜನ ಬೇಕಾಗೋದಿಲ್ಲ’ ಅಂದರು. ಮುಚ್ಚುಮರೆ ಏನೂ ಇರಲಿಲ್ಲ, ಹವಾಮಾನದ ಬಗ್ಗೆ ಮಾತಾಡಿದ ಹಾಗೆ ಅಂದರು. ನಾನು ಪಟ್ಟಿ ಮಾಡಿಕೊಟ್ಟೆ. ಪೆದ್ದಾಯನದು ಹತ್ತನೆಯ ಹೆಸರು. ಪಟ್ಟಿಯಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಕಲಿಸಿದ್ದರಲ್ಲಿ ಅವರು ಕಲಿತದ್ದು ಅಷ್ಟೇ. ಅವರು ಕಲಿಸಿದ್ದನ್ನು ಬರೆಯಲು ಆ ಹಾಳೆಯಲ್ಲಿ ಕಾಲಂ ಇರಲಿಲ್ಲ, ನಾನೂ ಎಳೆಯಲಿಲ್ಲ.

ಕೊನೆಯ ಸಂಜೆ ಇಬ್ಬರೂ ರಾಮಕೃಷ್ಣ ಬೀಚಿಗೆ ಹೋದೆವು. 2002ರಲ್ಲಿ ಮ್ಯೂಸಿಯಂ ಮಾಡಿದ ಕುರ್ಸುರಾ ಜಲಾಂತರ್ಗಾಮಿಯನ್ನು ಅವರು ಊರಿನ ಹೆಮ್ಮೆಯಿಂದ ತೋರಿಸಿದರು. ಮುರಿ ಮಿಕ್ಸ್ಚರ್ ಕೊಡಿಸಿದರು, ನಮ್ಮ ಮಂಡಕ್ಕಿಯ ತಮ್ಮ. ತಿನ್ನುತ್ತಾ, ‘ಇನ್ನು ನನಗೆ ಅಲ್ಲಿ ಏನು ಕೆಲಸ ಬಾಬೂ?’ ಅಂದರು. ಐದು ದಿನ ಸಾರ್ ಆಗಿದ್ದವನು ಅವತ್ತು ಬಾಬು ಆಗಿದ್ದೆ. ‘ಕಂಪ್ಯೂಟರು ಕೂಡಿ ಕಳೆಯುತ್ತೆ ಅಷ್ಟೆ ಅಂಡಿ, ತಲೆ ನಿಮ್ಮದೇ ಬೇಕಲ್ಲ’ ಅಂದೆ. ಆ ತಲೆ ನನ್ನ ಚೀಲದಲ್ಲಿತ್ತು. ಅವರು ಸುಮ್ಮನೆ ಡಾಲ್ಫಿನ್ಸ್ ನೋಸ್ ಗುಡ್ಡದ ದೀಪಸ್ತಂಭದ ಕಡೆ ನೋಡುತ್ತಾ, ‘ನನಗೆ ಗೊತ್ತಾಗಲ್ಲ ಅಂದುಕೊಂಡೆಯಾ? ನಾನು ಹೇಳದೇ ಇದ್ದರೆ ಬೆಲ್ಲ ಕರಗೋದು ನಿಲ್ಲುತ್ತಾ?’ ಅಂದರು.

ಯಂತ್ರ ಬಂದರೆ ಕೆಲಸ ಹೋಗುತ್ತದೆಯೋ ಹುಟ್ಟುತ್ತದೆಯೋ ಎಂಬುದು ಹಳೆಯ ಜಗಳ. 80ರ ದಶಕದಲ್ಲಿ ಬ್ಯಾಂಕ್ ನೌಕರರ ಸಂಘಗಳು ಅದನ್ನೇ ಆಡಿದವು. 2000-01ರ ಸ್ವಯಂನಿವೃತ್ತಿಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಜನ ಹೊರಬಂದರು, ನಮ್ಮ ಚಿಕ್ಕಪ್ಪನೂ ಅವರಲ್ಲೊಬ್ಬರು. ಆ ಜಗಳದಲ್ಲಿ ನಾನು ಈಗಲೂ ಯಂತ್ರದ ಕಡೆಯವನೇ. ಆದರೆ ನನ್ನನ್ನು ಕಾಡುವುದು ಅದಲ್ಲ, ಇನ್ನೂ ಸಣ್ಣದು. ಒಬ್ಬ ಮನುಷ್ಯ ತನಗೆ ಗೊತ್ತಿರುವುದನ್ನು ಬಿಚ್ಚಿ ಕೊಡುತ್ತಿರುವಾಗ, ಅದು ಅವನಿಗೇ ಏನು ಮಾಡುತ್ತದೆ ಎಂದು ಗೊತ್ತಿದ್ದವನು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಬಹುದೇ?

‘ಅವರಿಗೆ ಗೊತ್ತಿತ್ತಲ್ಲ, ಗೊತ್ತಿದ್ದೇ ಕೊಟ್ಟರಲ್ಲ’ ಎಂದು ನನ್ನ ಹೆಂಡತಿ ಸಮಾಧಾನ ಹೇಳಿದ್ದುಂಟು. ನಾನೂ ಕೆಲವು ವರ್ಷ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲವಲ್ಲ! ಅವರು ದೊಡ್ಡ ಮನಸ್ಸು ಮಾಡಿದ್ದು ಅವರ ಲೆಕ್ಕಕ್ಕೆ ಜಮೆ. ಅದನ್ನು ನನ್ನ ಖಾತೆಗೆ ಬರೆದುಕೊಂಡರೆ ಅದೂ ಒಂದು ಕಳ್ಳ ಎಂಟ್ರಿಯೇ. ಕೇಳಿದವನು ಸಿಕ್ಕನೆಂದು ಅವರಿಗೆ ಸಂತೋಷವಾಯಿತು, ನಿಜ. ಆ ಸಂತೋಷಕ್ಕೆ ಬೆಲೆ ಇಲ್ಲ ಅನ್ನಲಾರೆ. ಆದರೆ ಅದರ ಬೆಲೆ ಕಟ್ಟಬೇಕಾದವನು ನಾನಲ್ಲ.

ಆಮೇಲಿನದು ಇನ್ನೂ ಕೆಟ್ಟದ್ದು. ಆ ಕೋಷ್ಟಕ ನಮ್ಮ ಸಾಫ್ಟ್‌ವೇರಿನ ಹೊಸ ಸೌಲಭ್ಯವಾಯಿತು. ಬೇರೆ ಊರಿನ ಗಿರಾಕಿಗಳ ಮುಂದೆ ಪರದೆ ಹಚ್ಚಿ, ‘ಕರಾವಳಿಯ ಹವೆಯನ್ನು ನಾವು ಅಧ್ಯಯನ ಮಾಡಿದ್ದೇವೆ’ ಎಂದು ನಾನೇ ಹೇಳಿದೆ. ಆ ‘ನಾವು’ ಯಾರು? ಆ ವರ್ಷ ನನ್ನ ಸಂಬಳ ಏರಿತು. ಅದೇ ವರ್ಷದ ಕೊನೆಗೆ ಪೆದ್ದಾಯನ ಕೆಲಸ ಬಿಟ್ಟರಂತೆ, ಅಥವಾ ಬಿಡಿಸಿದರಂತೆ. ಫೋನಿನಲ್ಲಿ ಹೇಳಿದ ಹುಡುಗನಿಗೂ ವ್ಯತ್ಯಾಸ ಗೊತ್ತಿರಲಿಲ್ಲ.

ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳಂತೆ. ಸ್ಕೂಲಿನಲ್ಲಿ ಓದಿದಾಗ ಇದು ದುರಾಸೆಯ ಕಥೆ ಅನ್ನಿಸಿತ್ತು. ಈಗ ನೋಡಿದರೆ ಮಾರಯ್ಯನದು ಸುಲಭದ ಪಾಡು. ಅಕ್ಕಿಯನ್ನು ಆಯ್ದ ಅಂಗಳಕ್ಕೇ ಸುರಿದು ಬರಬಹುದು. ಒಬ್ಬರ ತಲೆಯಿಂದ ತಂದದ್ದನ್ನು ಎಲ್ಲಿ ಸುರಿಯುವುದು? ಕನಿಷ್ಠ ಅವರ ಹೆಸರನ್ನಾದರೂ ಹೇಳಬಹುದಿತ್ತು. ಪ್ರತಿ ಸಲ ಪರದೆ ಹಚ್ಚಿದಾಗಲೂ ಹೇಳಬಹುದಿತ್ತು, ಖರ್ಚಿಲ್ಲದ ಕೆಲಸ. ಇಲ್ಲಿ ಕೂಡ ಹೇಳುತ್ತಿಲ್ಲ ನೋಡಿ, ಈಗ ಅವರನ್ನು ಕೇಳದೆ ಹೇಳುವ ಹಕ್ಕೂ ನನಗಿಲ್ಲ.

2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಹೈದರಾಬಾದಿನ ಮನೆಯಲ್ಲಿ ಟೀವಿ ಮುಂದೆ ಕೂತಿದ್ದೆ. ಬೀಚ್ ರಸ್ತೆಯ ಮರಗಳೆಲ್ಲ ಮಲಗಿದ್ದವು. ಸಮುದ್ರದ ಕಡೆಯ ಆ ಗೋಡೆ ನೆನಪಾಯಿತು. ನೋಟ್‌ಬುಕ್ ಹುಡುಕಿ ತೆಗೆದೆ. ಕೊನೆಯ ಪುಟದಲ್ಲಿ ಅವರ ಮನೆಯ ನಂಬರು ಇತ್ತು. ಕೋಷ್ಟಕದಲ್ಲಿ ಒಂದು ಕಡೆ ನಾನು ತಪ್ಪು ಬರೆದುಕೊಂಡಿದ್ದ ಅಂಕಿಯನ್ನು ಹೊಡೆದು, ಪಕ್ಕದಲ್ಲಿ ‘ಆಷಾಢ’ ಎಂದು ತೆಲುಗಿನಲ್ಲಿ ತಿದ್ದಿದ್ದರು. ಆ ತಲೆಕಟ್ಟು ಸರಿ ಗುರುತಿನ ಹಾಗೇ ಕಾಣುತ್ತಿತ್ತು.

ಊರಿಗೆ ಊರೇ ಕರೆಂಟಿಲ್ಲ, ಫೋನು ಹೋಗಲಿಕ್ಕಿಲ್ಲ ಅಂದುಕೊಂಡೆ. ಆ ವಾರ ಹಾಗೆ ಅಂದುಕೊಂಡೆ. ಲೈನುಗಳೆಲ್ಲ ಸರಿಯಾದ ಮೇಲೂ ಮಾಡಲಿಲ್ಲ.